ಅಂಥದ್ದಿಲ್ಲ ಅಂದ ಕಿಂಡಿ

“ಅಂಥದ್ದಿಲ್ಲ.”

ಕಿಂಡಿಯೊಳಗಿಂದ ನನ್ನ ಚೀಟಿ ವಾಪಸ್ಸು ಬಂತು. ಬೆಳಗಿನಿಂದ ಇದೇ ಕತೆ. ನಾನು ಬರೆದು ಒಳಗೆ ತೂರಿಸುವುದು, ಒಳಗೆ ಕೂತ ಗುಮಾಸ್ತ ನಾಚಿಮುತ್ತು ಕನ್ನಡಕದ ಮೇಲಿಂದ ಒಮ್ಮೆ ಓದುವುದು, “ಅಂಥದ್ದಿಲ್ಲ” ಎಂದು ಹೊರಗೆ ದೂಡುವುದು.

“ಏನ್ರೀ ಅಂಥದ್ದಿಲ್ಲ? ಧನಗೆರೆ ಅನ್ನೋ ಊರೇ ಇಲ್ವಾ? ನಿನ್ನೆ ಸೈಕಲ್ಲಲ್ಲಿ ಹೋಗಿ ಬಂದಿದ್ದೀನಿ ಕಣ್ರೀ!”

“ಊರು ಇದೆ ಸಾರ್. ನೀವು ಬರೆದಿರೋದು ‘ದನಗೆರೆ’. ದನ ಕಟ್ಟೋ ದನ. ನಮ್ಮ ಅಟ್ಟಣಿಗೆ ಮೇಲಿರೋದು ದೊಡ್ಡ ಧ. ಅದೂ ಅಲ್ಲದೆ ಊರು ಮೊದಲು ಬರೆದು ಆಮೇಲೆ ಹೋಬಳಿ ಬರೆದಿದ್ದೀರಿ. ಹೋಬಳಿ ಮೊದಲು, ಊರು ಆಮೇಲೆ, ಹೆಸರು ಕೊನೆಗೆ.”

ನಾನು ಯಳಂದೂರಿನವನು. ಹುಟ್ಟಿದಾಗಿನಿಂದ ಮೈಸೂರು ಸೀಮೆಯ ನೀರು ಕುಡಿದವನು. ನಮ್ಮಲ್ಲಿ ಏನಾದರೂ ಬೇಕಿದ್ದರೆ ಒಳಗೆ ಹೋಗಿ, ಬೆಂಚಿನ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು ಕೇಳುತ್ತೇವೆ. ಈ ಕೊಳ್ಳೇಗಾಲದವರು ಇಷ್ಟು ವರ್ಷ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಮದರಾಸು ಸರ್ಕಾರದ ಶಿಸ್ತು ಕಲಿತಿದ್ದಾರಂತೆ. ಶಿಸ್ತಂತೆ, ಮಣ್ಣು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೂ ಸಿಟ್ಟು ನುಂಗಿಕೊಂಡು ನಿಲ್ಲಬೇಕಾಗಿತ್ತು. ಧನಗೆರೆ ಪುಟ್ಟಮಾದಯ್ಯನ ಜಮೀನು ವ್ಯಾಜ್ಯದ ಕಂತೆಯನ್ನು ಸುಟ್ಟುಹಾಕಿದನೆಂದು ಇದೇ ಕಚೇರಿಯ ಜವಾನ ಚೆನ್ನಯ್ಯನನ್ನು ನಾವು ಲಾಕಪ್ಪಿನಲ್ಲಿ ಕೂರಿಸಿದ್ದೆವು. ಕಚೇರಿಯ ಹಿತ್ತಲಲ್ಲಿ ಅವನು ಸುಟ್ಟ ಬೂದಿಯಲ್ಲಿ ‘ಮಾದಯ್ಯ’ ಅಂತಿದ್ದ ಪಟ್ಟಿಯ ಚೂರು ಸಿಕ್ಕಿತ್ತು. ಸಂಜೆ ವ್ಯಾನು ಬಂದು ಅವನನ್ನು ಮೈಸೂರು ಜೈಲಿಗೆ ಒಯ್ಯುವುದಿತ್ತು. ಅಷ್ಟರೊಳಗೆ ಕಂತೆ ಸಿಕ್ಕರೆ ಅವನು ಬಚಾವು, ಸಿಗದಿದ್ದರೆ ಜೈಲು.

ಅವನ ಹೆಂಡತಿ ಚಿಕ್ಕಮಾದಮ್ಮ ಠಾಣೆಯ ಮೆಟ್ಟಿಲ ಮೇಲೆ ಕೂತವಳು ಏಳುತ್ತಲೇ ಇರಲಿಲ್ಲ. ಮಾತಿಲ್ಲ, ಅಳುವಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಾಗಿಲನ್ನೇ ನೋಡುತ್ತಿದ್ದಳು.  ಗಂಡ ಕಳ್ಳನೇ ಇರಲಿ, ಕೊಲೆಗಾರನೇ ಇರಲಿ, ಹೆಂಡತಿ ಮೆಟ್ಟಿಲ ಮೇಲೆ ಕೂತರೆ ಪೊಲೀಸಿನವನಿಗೂ ಊಟ ರುಚಿಸುವುದಿಲ್ಲ.

“ಸಾ, ನಾ ಬರ್ದುಕೊಡ್ಲಾ?” ಎಂದ ನನ್ನ ದಫೇದಾರ ಜಡೇಸ್ವಾಮಿ. ತಲೆ ನರೆತ ಮನುಷ್ಯ, ಇದೇ ಊರಿನವನು, ತಮಿಳನ್ನು ಅಕ್ಷರ ಕೂಡಿಸಿಕೊಂಡು ಓದಬಲ್ಲ.

“ಬೇಡ. ನಾನೇ ಬರೀತೀನಿ. ಇವನ ಹಟ ಹೆಚ್ಚೋ ನನ್ನ ಹಟ ಹೆಚ್ಚೋ ನೋಡೇಬಿಡೋಣ.”

ಈ ಕಚೇರಿಯ ವಿಚಾರ ಒಂದಿಷ್ಟು ಹೇಳಬೇಕು. ಕೊಳ್ಳೇಗಾಲ ಮೈಸೂರಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಕಡೆಯಿಂದ ಲಾರಿಗಟ್ಟಲೆ ಬಂದ ಕಾಗದಪತ್ರಗಳನ್ನು ವಿಂಗಡಿಸಲೆಂದು ಒಂದು ಹಳೇ ರೇಷ್ಮೆ ಗೋದಾಮನ್ನು ಬಾಡಿಗೆಗೆ ಹಿಡಿದು ವಿಂಗಡಣೆ ಕಚೇರಿ ಅಂತ ಬೋರ್ಡು ಹಾಕಿದ್ದರು. ಒಳಗೆ ಕಾಲಿಟ್ಟರೆ ಇನ್ನೂ ರೇಷ್ಮೆಗೂಡು ಬೇಯಿಸಿದ ವಾಸನೆ. ಸಾಲು ಸಾಲು ಅಟ್ಟಣಿಗೆ. ಒಂದೊಂದು ಹೋಬಳಿಗೆ ಒಂದು ಸಾಲು, ಸಾಲಿನಲ್ಲಿ ಊರಿಗೊಂದು ಖಾನೆ, ಖಾನೆಯೊಳಗೆ ಹೆಸರಿಗೊಂದು ಗೂಡು, ಗೂಡಿಗೊಂದು ಕಂತೆ.

ಒಳಗೆ ಯಾರಿಗೂ ಪ್ರವೇಶವಿಲ್ಲ. ಬೇಕಾದ್ದನ್ನು ಕಿಂಡಿಯಲ್ಲಿ ಚೀಟಿ ಬರೆದು ಕೇಳಬೇಕು. ‘ದಯವಿಟ್ಟು’, ‘ತಾವು’ ಎಂಬ ಮಾತೆಲ್ಲ ಬೇಕಿಲ್ಲ. ಮೊದಲು ಒಂದೇ ಒಂದು ಆಜ್ಞೆ: ತೋರು, ನಕಲು, ಸಾಗಿಸು, ಕಳೆ. ಆಮೇಲೆ ಯಾವುದನ್ನು ಅಂತ. ಬೇಕಾದರೆ ಎಲ್ಲಿಗೆ ಅಂತ. ಅಷ್ಟೇ. ‘ತೋರು’ ಎಂದರೆ ಆ ಖಾನೆಯಲ್ಲಿ ಏನೇನಿದೆ ಅಂತ ಓದಿ ಹೇಳುತ್ತಾರೆ. ‘ನಕಲು’ ಎಂದರೆ ಇನ್ನೊಂದು ಪ್ರತಿ ಬರೆಸಿಕೊಡುತ್ತಾರೆ. ‘ಸಾಗಿಸು’ ಎಂದರೆ ಇಲ್ಲಿಂದೆತ್ತಿ ಅಲ್ಲಿಡುತ್ತಾರೆ. ‘ಕಳೆ’ ಎಂದರೆ ಕಂತೆ ಹಿತ್ತಲಿಗೆ ಹೋಗಿ ಬೂದಿಯಾಗುತ್ತದೆ.

ಹೇಳಿದ ಕೆಲಸ ಆದರೆ ಕಿಂಡಿ ಬಾಯಿ ಬಿಡುವುದಿಲ್ಲ. ಆಯಿತು ಅಂತಲೂ ಹೇಳುವುದಿಲ್ಲ. ತಪ್ಪಾದರೆ ಮಾತ್ರ ಮಾತು. ನನ್ನ ಪಾಲಿಗೆ ಬೆಳಗಿನಿಂದ ಬರೀ ಮಾತು.

ಇನ್ನೊಂದು ಚೀಟಿ ಬರೆದೆ. ತೋರು. ಕೊಳ್ಳೇಗಾಲ. ಧನಗೆರೆ. ದೊಡ್ಡ ಧ, ಬಾಲ ಸಮೇತ.

ನಾಚಿಮುತ್ತು ಓದಿದ. ಈ ಸಲ ವಾಪಸ್ಸು ತಳ್ಳಲಿಲ್ಲ. ಎದ್ದು ಹೋದ, ಬಂದ, ಖಾನೆಯಲ್ಲಿದ್ದ ಹೆಸರುಗಳನ್ನು ಒಂದೇ ರಾಗದಲ್ಲಿ ಓದಿದ. ಪುಟ್ಟಮಾದಯ್ಯನ ಹೆಸರು ಅದರಲ್ಲಿರಲಿಲ್ಲ.

“ಇವತ್ತಿನವರೆಗೂ ಯಾರ್‍ಯಾರು ‘ಕಳೆ’ ಚೀಟಿ ಕೊಟ್ಟಿದ್ದಾರೆ? ಅದನ್ನ ಕೊಡಿ.”

“ಪುಟ್ಟಮಾದಯ್ಯನ ಹೆಸರಿಗೆ ‘ಕಳೆ’ ಚೀಟಿ ಯಾವುದೂ ಇಲ್ಲ ಸಾರ್. ‘ಕಳೆ’ ಚೀಟಿಗೆ ಸಾಹೇಬರ ಮೊಹರು ಬೇಕು. ಮೊಹರು ಬೀರುವಿನಲ್ಲಿದೆ. ಬೀಗದ ಕೈ ಸಾಹೇಬರ ಹತ್ತಿರ. ಅವರು ಮೈಸೂರಿಗೆ ಹೋಗಿದ್ದಾರೆ.”

“ಮತ್ತೆ ಕಂತೆ ತಾನೇ ಎದ್ದು ಹೋಗಿ ಬೆಂಕಿಗೆ ಬಿತ್ತಾ?”

“ಅದು ನೀವು ಕಂಡುಹಿಡಿಯಬೇಕು ಸಾರ್. ನನ್ನ ಕೆಲಸ ಚೀಟಿ.”

ತುಟಿಯ ಮೂಲೆಯಲ್ಲಿ ನಕ್ಕ. ಆ ನಗು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಕೊಯಮತ್ತೂರಿನಿಂದ ಕಾಗದಗಳ ಜೊತೆಗೇ ಬಂದ ಮನುಷ್ಯ ಇವನು. ಊರಿಗೆ ವಾಪಸ್ಸು ಹೋಗಬಹುದಾಗಿತ್ತು, ಹೋಗಿಲ್ಲ. ಯಾಕೆ ಹೋಗಿಲ್ಲ? ಇಲ್ಲಿ ಇವನನ್ನು ಹಿಡಿದಿಟ್ಟಿರುವುದು ಏನು?

“ಬನ್ನಿ ಸಾ, ಒಂದ್ಲೋಟ ಕಾಪಿ ಕುಡ್ಕಬರಮ. ಒಟ್ಟೆ ಒಳಗೆ ಏನೂ ಇಲ್ದೆ ಕ್ವಾಪ ಮಾಡ್ಕೊಂಡ್ರೆ ತಲೆ ತಿರುಗ್ತದೆ,” ಎಂದು ಜಡೇಸ್ವಾಮಿ ನನ್ನ ತೋಳು ಹಿಡಿದು ಎಳೆದ.

ಗೋದಾಮಿನ ಎದುರಿನ ಹೋಟೆಲಿನಲ್ಲಿ ನಮಗಿಂತ ಮೊದಲೇ ಒಬ್ಬರು ಕೂತಿದ್ದರು. ಮಧುವನಹಳ್ಳಿ ದೊಡ್ಡಮಾದಪ್ಪನವರು. ಬಿಳೀ ಪಂಚೆ, ಹೆಗಲ ಮೇಲೆ ಜರಿ ಅಂಚಿನ ವಲ್ಲಿ, ಹಣೆಯಲ್ಲಿ ವಿಭೂತಿ. ಪುಟ್ಟಮಾದಯ್ಯನ ಎದುರು ವ್ಯಾಜ್ಯ ಹೂಡಿದವರು ಇವರೇ. ಕಂತೆ ಸುಟ್ಟುಹೋದರೆ ಜಮೀನು ಇವರ ಪಾಲಿಗೆ. ಊರೆಲ್ಲ ಆಡಿಕೊಳ್ಳುತ್ತಿದ್ದುದೂ ಅದನ್ನೇ: ಗೌಡರು ಕೈ ಬಿಸಿ ಮಾಡಿದರು, ಜವಾನ ಕಡ್ಡಿ ಗೀರಿದ.

“ಬನ್ನಿ ಬನ್ನಿ ಇನ್‌ಸ್ಪೆಕ್ಟ್ರೇ, ಕುಂತ್ಕಳಿ. ಏನಂತೆ, ಪಾಪ, ಆ ಕಂತೆ ಸುಟ್ಟೇ ಓಯ್ತಂತಾ?”

“ನಿಮಗೆ ಪಾಪ ಅನ್ನಿಸ್ತಾ ಗೌಡ್ರೆ?”

“ಅನ್ನಿಸ್ದೆ ಇದ್ದದಾ? ಅದ್ರಲ್ಲಿ ನಮ್ ಕಡೆ ಪತ್ರನೂ ಇತ್ತು ಕಣ್ರಿ. ನಮ್ಮಪ್ಪ ಮಾಡ್ಸಿದ್ದ ಮೂಲ ಪತ್ರ. ಅದು ಓದ್ರೆ ನಂಗೂ ಕಷ್ಟವೇಯ. ಅವ್ನಿಗಿಂತ ನಂಗೇ ಜಾಸ್ತಿ ಕಷ್ಟ.”

ಲೋಟ ತಿರುಗಿಸುತ್ತ ನನ್ನ ಮುಖವನ್ನೇ ನೋಡಿದರು. ನಾನು ಅವರ ಮುಖ ನೋಡಿದೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ಇಷ್ಟು ಬೇಸರ ಮಾಡಿಕೊಳ್ಳುವುದಿಲ್ಲ. ಹಾಗಂತ ನಂಬಿಬಿಡುವ ಜಾಯಮಾನ ನನ್ನದಲ್ಲ. ಅವರ ಮೂಲ ಪತ್ರದ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬೇರೆ ಬೆಂಚಿಗೆ ಹೋಗಿ ಕೂತೆ.

“ಏನಿದೆಯಂತೋ ತಿನ್ನೋಕೆ?”

ಗೋಡೆಯ ಮೇಲೆ ತಮಿಳಿನಲ್ಲಿ ಬರೆದ ಹಲಗೆ ಇನ್ನೂ ಹಾಗೇ ತೂಗುತ್ತಿತ್ತು. ಜಡೇಸ್ವಾಮಿ ಕತ್ತೆತ್ತಿ ಅಕ್ಷರ ಕೂಡಿಸಿದ. “ಇಡ್ಲಿ ಅದೆ. ಪೋಂಡಾ ಅದೆ. ಪಜ್ಜಿ ಅದೆ.”

“ಪೋಂಡಾ ಅಲ್ವೋ ಮಾರಾಯ, ಬೋಂಡ!”

“ಬಾಯಲ್ ಬೋಂಡನೇ ಸಾ. ಬರ್ಯಾಗ ಪೋಂಡಾ. ತಮಿಳ್ನಲ್ಲಿ ಪನೂ ಬನೂ ಎಲ್ಡೂ ಒಂದೇ ಅಕ್ಸರ. ಟನೂ ಡನೂ ಒಂದೇಯ. ಓದೋನೇ ತಿಳ್ಕಬೇಕು.”

“ತಿಳ್ಕೊಳ್ಳದಿದ್ರೆ?”

“ಪೋಂಡಾ ಅಂತ್ಲೇ ತಿನ್ಬೇಕು.”

ಅವನು ಹಲ್ಲು ಬಿಟ್ಟು ನಕ್ಕ. ನನಗೆ ನಗು ಬರಲಿಲ್ಲ. ಗೋದಾಮಿನಲ್ಲಿ ಸಾಲುಗಳಿಗೂ ಖಾನೆಗಳಿಗೂ ಕನ್ನಡದ ಬೋರ್ಡು ಬರೆಸಿದ್ದರು. ಆದರೆ ಕಂತೆಗಳ ಮೇಲಿನ ಹೆಸರು? ಅವು ಕೊಯಮತ್ತೂರಿನಲ್ಲಿ ಅಂಟಿಸಿದವು. ಅವೆಲ್ಲ ತಮಿಳು.

“ಜಡೇಸ್ವಾಮಿ, ಪುಟ್ಟಮಾದಯ್ಯ ಅಂತ ತಮಿಳಲ್ಲಿ ಬರೆದರೆ ಅದನ್ನ ಬೇರೆ ಹೆಂಗಾದರೂ ಓದಬಹುದಾ?”

ಅವನು ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳದ್ದಿ ಬರೆದ. ತುಟಿ ಅಲ್ಲಾಡಿಸಿದ. ತಲೆ ಕೆರೆದ.

“ಪುಟ್ಟಮಾದಯ್ಯ... ಪುಡ್ಡಮಾದಯ್ಯ... ಬುಟ್ಟಮಾದಯ್ಯ... ಅಯ್ ಶಿವ್ನೆ! ಬುಡ್ಡಮಾದಯ್ಯ ಅಂತ್ಲೂ ಓದ್ಬೋದು ಸಾ.”

ಬೋಂಡ ಅಲ್ಲೇ ಬಿಟ್ಟು ಎದ್ದೆ.

ಕಿಂಡಿಗೆ ಬಂದು ಚೀಟಿ ಬರೆದೆ. ಈ ಸಲ ನನ್ನ ಕೈ ತಡವರಿಸಲಿಲ್ಲ. ‘ತೋರು. ಎಲ್ಲಾ ಹೋಬಳಿ. ಬುಡ್ಡಮಾದಯ್ಯ.’

ನಾಚಿಮುತ್ತು ಓದಿ ನನ್ನತ್ತ ನೋಡಿದ. ತುಟಿಯ ಮೂಲೆಯ ನಗು ಅಳಿಸಿಹೋಗಿತ್ತು.

“ಒಂದು ಇದೆ ಸಾರ್. ಹನೂರು ಸಾಲು, ಪಾಲಾರ್ ಖಾನೆ.”

“ಬಾಗಿಲು ತೆಗೀರಿ.”

“ಒಳಗೆ ಬರೋ ಹಾಗಿಲ್ಲ ಸಾರ್.”

“ಬಾಗಿಲು ತೆಗೀರಿ ಅಂದೆ. ಇದು ಚೀಟಿ ಅಲ್ಲ, ಪೊಲೀಸು.”

ತೆಗೆದ. ರೇಷ್ಮೆಗೂಡಿನ ವಾಸನೆ ಮೂಗಿಗೆ ಹೊಡೆಯಿತು. ಕೊಳ್ಳೇಗಾಲದ ಸಾಲು ದಾಟಿ ಹನೂರಿನ ಸಾಲಿಗೆ ಹೋದೆವು. ಗಡಿಯ ಊರುಗಳ ಖಾನೆಗಳು ಗೋಡೆಯ ಕಡೆಗಿದ್ದವು. ‘ಪಾಲಾರ್’ ಅಂತ ಬರೆದ ಖಾನೆಯೊಳಗೆ ಜಡೇಸ್ವಾಮಿ ಕೈ ಹಾಕಿ ಒಂದು ಕಂತೆ ಎಳೆದ. ಮೇಲಿನ ಪಟ್ಟಿಯನ್ನು ಓದಿದ. ಪುಟ್ಟ ಅಂತಲೂ ಆಗಬಹುದು, ಬುಡ್ಡ ಅಂತಲೂ ಆಗಬಹುದು.

ದಾರ ಬಿಚ್ಚಿದೆ. ಮೊದಲ ಹಾಳೆಯಲ್ಲೇ ಧನಗೆರೆಯ ಕೆರೆ ಅಂಗಳದ ನಕ್ಷೆ. ಅದರ ಕೆಳಗೆ ಪುಟ್ಟಮಾದಯ್ಯನ ಅರ್ಜಿ. ಅದರಡಿಯಲ್ಲಿ ದೊಡ್ಡಮಾದಪ್ಪನವರ ಅಪ್ಪ ಮಾಡಿಸಿದ ಮೂಲ ಪತ್ರ. ಒಂದೂ ಸುಟ್ಟಿರಲಿಲ್ಲ. ಒಂದು ಮೂಲೆಯೂ ಮಡಚಿರಲಿಲ್ಲ.

“ಸಿಕ್ತು!” ಎಂದು ಕೂಗಿಬಿಟ್ಟೆ. ಅಷ್ಟು ದೊಡ್ಡ ಗೋದಾಮಿನಲ್ಲಿ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಏನು ಖುಷಿ ಅಂತೀರಿ! ಮೆಟ್ಟಿಲ ಮೇಲೆ ಕೂತ ಆ ಹೆಂಗಸಿನ ಮುಖ ಕಣ್ಣೆದುರಿಗೆ ಬಂತು. ಕಂತೆ ಸುಟ್ಟೇ ಇಲ್ಲ. ಸುಟ್ಟಿಲ್ಲದ ಕಂತೆಗೆ ಸುಟ್ಟವನೆಲ್ಲಿಂದ ಬಂದ? ಚೆನ್ನಯ್ಯ ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದ್ದ. “ಚೀಟಿ ಯೋಳ್ದಂಗೆ ಮಾಡ್ದೆ ಸಾ. ಎಚ್ಗೆ ಕಮ್ಮಿ ಏನೂ ಮಾಡಿಲ್ಲ.” ಅಷ್ಟು ದಿನ ನಾವು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಅಲ್ಲೇ ಕಂತೆಯನ್ನು ಮಂಡಿಯ ಮೇಲಿಟ್ಟುಕೊಂಡು ಒಂದು ಚೀಟಿ ಬರೆದೆ. ‘ಬಿಡು. ಚೆನ್ನಯ್ಯ.’ ಕೆಳಗೆ ರುಜು ಹಾಕಿದೆ.

“ಜಡೇಸ್ವಾಮಿ, ಓಡು. ವ್ಯಾನು ಬರೋದರೊಳಗೆ ಬೀಗ ತೆಗೆದುಬಿಡು. ಆ ಹೆಂಗಸಿಗೆ ನೀನೇ ಹೇಳು, ಗಂಡನ್ನ ಕರ್ಕೊಂಡು ಮನೆಗೆ ಹೋಗು ಅಂತ.”

“ಬಡವನ್ ಮನೇಲಿ ದೀಪ ಹಚ್ದಂಗಾಯ್ತು ಬುಡಿ ಸಾ,” ಎಂದು ಅವನು ಸೈಕಲ್ಲಿನತ್ತ ಹೋದ. ಆ ವಯಸ್ಸಿನಲ್ಲಿ ಅವನು ಅಷ್ಟು ಜೋರಾಗಿ ಹೋದದ್ದನ್ನು ನಾನು ಕಂಡಿರಲಿಲ್ಲ.

ನಾನು ನಾಚಿಮುತ್ತುವಿನ ಕಡೆ ತಿರುಗಿದೆ.

“ಈಗ ಹೇಳ್ರಿ ಗುಮಾಸ್ತರೇ. ಧನಗೆರೆಯ ಕಂತೆಗೆ ಪಾಲಾರ್‌ನಲ್ಲಿ ಏನು ಕೆಲಸ?”

“ಯಾರೋ ‘ಸಾಗಿಸು’ ಚೀಟಿ ಕೊಟ್ಟಿದ್ದಾರೆ.”

“ಬೆಳಗ್ಗೆಯಿಂದ ಕೇಳ್ತಾ ಇದ್ದೀನಿ, ಆಗ ಯಾಕೆ ಹೇಳಲಿಲ್ಲ?”

“ನೀವು ಕೇಳಿದ್ದು ‘ಕಳೆ’ ಚೀಟಿ. ಇಲ್ಲ ಅಂದೆ. ‘ಸಾಗಿಸು’ ಚೀಟಿ ಕೇಳಿದ್ದರೆ ಕೊಡ್ತಿದ್ದೆ.”

ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ಕೊಡಿ ಹಾಗಾದರೆ. ಸಾಗಿಸು ಚೀಟಿ.”

ಕಿಂಡಿಯ ಪಕ್ಕದ ಕಂಬಿಗೆ ಚುಚ್ಚಿದ್ದ ಚೀಟಿಗಳ ನಡುವಿನಿಂದ ಒಂದನ್ನು ಹುಷಾರಾಗಿ ಬಿಡಿಸಿ ಕೊಟ್ಟ. ತಮಿಳು ಚೀಟಿ. ಅವನೇ ಓದಿ ಹೇಳಿದ: ‘ಸಾಗಿಸು. ಕೊಳ್ಳೇಗಾಲ, ಧನಗೆರೆ, ಪುಟ್ಟಮಾದಯ್ಯ. ಹನೂರಿಗೆ, ಪಾಲಾರ್, ಬುಡ್ಡಮಾದಯ್ಯ.’ ಎರಡು ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಥರ.

“ತಮಿಳು ಬರೆಯೋರು ಇಲ್ಲಿ ನೀವೊಬ್ಬರೇ ತಾನೇ?”

“ಹೌದು.”

“ಮತ್ತೆ ನೀವೇ ಬರೆದಿರಬೇಕು.”

“ಅಲ್ಲ.”

“ಅಲ್ಲ ಅಂದರೆ ಮುಗೀತಾ? ಈ ಕಂತೆಯನ್ನು ಯಾರಿಗೂ ಸಿಗದ ಜಾಗಕ್ಕೆ ಕಳಿಸಿದ್ದೀರಿ. ಹಿತ್ತಲಲ್ಲಿ ಯಾವುದೋ ರದ್ದಿ ಸುಡಿಸಿದ್ದೀರಿ. ತಪ್ಪು ಒಬ್ಬ ಬಡ ಜವಾನನ ತಲೆ ಮೇಲೆ ಹಾಕಿದ್ದೀರಿ. ದೊಡ್ಡಮಾದಪ್ಪನವರಿಂದ ಏನು ತಗೊಂಡ್ರಿ?”

ಅವನು ಕನ್ನಡಕ ತೆಗೆದ. ಪಂಚೆಯ ಅಂಚಿನಲ್ಲಿ ಒರೆಸಿದ. ಕನ್ನಡಕವಿಲ್ಲದ ಆ ಮುಖ ಮೊದಲ ಬಾರಿಗೆ ಹೆದರಿದಂತೆ ಕಂಡಿತು.

“ಸಾರ್, ಒಂದು ಸಲ ಸಮಾಧಾನವಾಗಿ ನೋಡಿ. ಈ ಅಕ್ಷರ ಬರೆದದ್ದಲ್ಲ. ಬಿಡಿಸಿದ್ದು. ಮಕ್ಕಳು ರಂಗೋಲಿ ನೋಡಿ ರಂಗೋಲಿ ಹಾಕೋ ಹಾಗೆ. ನಾವು ಈ ಸುಳಿಯನ್ನು ಒಳಗಿಂದ ಶುರು ಮಾಡ್ತೀವಿ, ಇವನು ಹೊರಗಿಂದ ಶುರು ಮಾಡಿದ್ದಾನೆ. ಕಂತೆ ಮೇಲಿನ ಪಟ್ಟಿ ಎದುರಿಗಿಟ್ಟುಕೊಂಡು ನೋಡಿ ನೋಡಿ ಬಿಡಿಸಿದ್ದಾನೆ.”

ನಿಜ. ಗೆರೆಗಳು ತಡೆತಡೆದು ನಡೆದಿದ್ದವು. ಒಂದು ಕಡೆ ಪೆನ್ಸಿಲು ನಿಂತು ಮತ್ತೆ ಹೊರಟ ಗುರುತಿತ್ತು. ಆದರೂ ನಾನು ಬಿಡಲಿಲ್ಲ.

“ಬೇಕಂತಲೇ ಹಾಗೆ ಬರೆದಿರಬಹುದಲ್ಲ. ಕೊಟ್ಟವರು ಯಾರು?”

“ಕಿಂಡಿಯಲ್ಲಿ ಚೀಟಿ ಬಿದ್ದಿತ್ತು. ಚೀಟಿ ನೋಡ್ತೀನಿ, ಕೈ ನೋಡಲ್ಲ. ಚೆನ್ನಯ್ಯನನ್ನು ಕರೆದು ಕೊಟ್ಟೆ. ಅವನು ಸಾಗಿಸಿದ. ಅದು ಅವನ ಕೆಲಸ.”

“ಹಾಗಾದರೆ ಹಿತ್ತಲಲ್ಲಿ ಸುಟ್ಟದ್ದೇನು? ಬೂದಿಯಲ್ಲಿ ಸಿಕ್ಕ ಪಟ್ಟಿ ಚೂರಿನ ಮೇಲೆ ‘ಮಾದಯ್ಯ’ ಅಂತ ಇತ್ತು. ನಾನೇ ಹೆಕ್ಕಿದ್ದೀನಿ.”

ನಾಚಿಮುತ್ತು ನನ್ನನ್ನು ಮತ್ತೆ ಹನೂರಿನ ಸಾಲಿಗೆ ಕರೆದೊಯ್ದ. ಪಾಲಾರ್ ಖಾನೆಯ ಆ ಗೂಡನ್ನು ತೋರಿಸಿದ. ಪಕ್ಕದ ಗೂಡುಗಳನ್ನು ತೋರಿಸಿದ. ಎಲ್ಲದರಲ್ಲೂ ಒಂದೊಂದೇ ಕಂತೆ.

“ಒಂದು ಗೂಡಿಗೆ ಒಂದೇ ಕಂತೆ ಸಾರ್. ಅದು ಹಳೇ ಕಟ್ಟಳೆ. ಕಂತೆ ಇರೋ ಗೂಡಿಗೇ ಅದೇ ಹೆಸರಿನ ಇನ್ನೊಂದು ಕಂತೆ ಸಾಗಿ ಬಂತು ಅಂದರೆ, ಬಂದದ್ದು ಹೊಸದು, ಇದ್ದದ್ದು ಹಳೇದು ಅಂತ ಲೆಕ್ಕ. ಹಳೇದು ಹೊರಗೆ. ಹಿತ್ತಲಿಗೆ. ಅದಕ್ಕೆ ಬೇರೆ ಚೀಟಿ ಬೇಕಿಲ್ಲ. ಮೊಹರು ಬೇಕಿಲ್ಲ. ಯಾರೂ ಕೇಳಲ್ಲ.”

“ಒಂದು ಮಾತು ಕೇಳದೆ ಸುಡ್ತೀರಾ?”

“ಕಿಂಡಿ ಕೇಳಲ್ಲ ಸಾರ್. ಹೇಳಿದ್ದು ಮಾಡುತ್ತೆ.”

ಖಾನೆಯ ಅಂಚು ಹಿಡಿದುಕೊಂಡೆ. ಇಷ್ಟು ದಿನ ಊರಿಗೆ ಊರೇ ಪುಟ್ಟಮಾದಯ್ಯನ ಕಂತೆ ಯಾರು ಸುಟ್ಟರು ಅಂತ ಕೂಗಾಡುತ್ತಿತ್ತು. ನಾನೂ ಅದನ್ನೇ ಹುಡುಕುತ್ತಿದ್ದೆ. ಸುಟ್ಟವನಿಗೆ ಅದು ಬೇಕೇ ಇರಲಿಲ್ಲ. ಹೆಸರು ಹೊಂದುತ್ತದೆ ಅಂತ ಅದನ್ನು ತಂದು ಇಲ್ಲಿ ತುರುಕಿದ್ದ. ಅವನಿಗೆ ಬೇಕಾಗಿದ್ದದ್ದು ಇಲ್ಲಿದ್ದ ಕಂತೆ ಹೊರಗೆ ಬೀಳುವುದು. ‘ಕಳೆ’ ಅನ್ನದೆಯೇ ಕಳೆಯುವುದು.

“ಬುಡ್ಡಮಾದಯ್ಯ ಯಾರು?”

“ಗೊತ್ತಿಲ್ಲ. ನಾನು ಕಂತೆಗಳನ್ನು ಓದಲ್ಲ.”

“ಯಾರಿಗೆ ಗೊತ್ತಿರುತ್ತೆ?”

“ಒಳಗೆ ಓಡಾಡೋನು ಒಬ್ಬನೇ ಸಾರ್. ಧೂಳು ಹೊಡೆಯೋನು, ಕಟ್ಟು ಬಿಚ್ಚಿ ಬಿಸಿಲಿಗೆ ಹಾಕೋನು, ಯಾವ ಗೂಡಲ್ಲಿ ಏನಿದೆ ಅಂತ ನನಗಿಂತ ಚೆನ್ನಾಗಿ ಬಲ್ಲೋನು. ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂರೋಕೆ ಪುರುಸೊತ್ತು ಇದ್ದೋನು.”

ಅವನು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. 

ಟೋಪಿ ಎತ್ತಿಕೊಂಡು ಓಡಿದೆ. ಸೈಕಲ್ಲನ್ನು ಜಡೇಸ್ವಾಮಿ ಒಯ್ದಿದ್ದ. ಕೊಳ್ಳೇಗಾಲದ ಪೇಟೆಬೀದಿಯಲ್ಲಿ ಹಗಲು ಹೊತ್ತಿನಲ್ಲಿ ಯೂನಿಫಾರ್ಮು ಹಾಕಿಕೊಂಡು ಓಡಿದರೆ ಹೇಗಿರುತ್ತದೆ ನೀವೇ ಯೋಚಿಸಿ. ಹೂ ಮಾರುವವಳು ಬುಟ್ಟಿ ಹಿಂದಕ್ಕೆಳೆದುಕೊಂಡಳು. ಮಗ್ಗದ ಮನೆಯವರು ಬಾಗಿಲಿಗೆ ಬಂದು ನಿಂತರು. ಯಾರೋ “ಏನ್ ಸಾ, ಏನಾಯ್ತು?” ಎಂದು ಕೂಗಿದರು. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ ಇತ್ತು. ನಮ್ಮ ಜಡೇಸ್ವಾಮಿ ದಾರಿಯಲ್ಲಿ ಯಾರ ಜೊತೆಗಾದರೂ ಹರಟೆಗೆ ನಿಂತಿರಲಪ್ಪ. ಬೀಡಿ ಹಚ್ಚಿಕೊಂಡು ಕೂತಿರಲಪ್ಪ. ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುತ್ತಿರಲಪ್ಪ.

ಅವನು ಠಾಣೆಯ ಬಾಗಿಲಲ್ಲಿ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ.

“ಆಯ್ತು ಸಾ. ಚೀಟಿ ಯೋಳ್ದಂಗೆ ಬುಟ್ಟೆ.”

“ಒಂದು ಮಾತು... ನಾನು ಬರೋವರೆಗೆ ಕಾಯಬಾರದಿತ್ತೇನೋ?”

“ಕಾಯಿ ಅಂತ ಚೀಟೀಲಿ ಇರ್ನಿಲ್ವಲ್ಲ ಸಾ.”

ಅವನ ಮೇಲೆ ರೇಗಿ ಏನು ಪ್ರಯೋಜನ! ಲಾಕಪ್ಪಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಚಾಪೆ, ನೀರಿನ ಚೊಂಬು, ಬೇರೇನೂ ಇಲ್ಲ.

ಚಿಕ್ಕಮಾದಮ್ಮ ಮಾತ್ರ ಮೆಟ್ಟಿಲ ಮೇಲೇ ಇದ್ದಳು. ಈಗ ಕೂತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

“ಬುಟ್ಬುಟ್ರಾ ಸಾ?” ಎಂದಳು. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

“ನೀನ್ಯಾಕಮ್ಮ ಗಂಡನ ಜೊತೆ ಹೋಗಲಿಲ್ಲ?”

ಅವಳು ತಲೆಯಾಡಿಸಿದಳು. ತುಟಿ ಒಣಗಿತ್ತು.

“ಬುಡ್ಡಮಾದಯ್ಯ ಅಂತ ಯಾರನ್ನಾದರೂ ಬಲ್ಲೆಯೇನಮ್ಮ?”

“ನಮ್ಮಪ್ಪ.”

ಜಡೇಸ್ವಾಮಿಯ ಬೆರಳಿನಿಂದ ಬೀಗದ ಕೈ ಜಾರಿ ಬಿತ್ತು.

“ದನ ಕೊಳ್ಳಮ ಬಾ ಮಾವ ಅಂತ ನಮ್ಮಪ್ಪನ್ನ ಪಾಲಾರ್‌ಗೆ ಕರ್ಕೊಂಡೋದ ಸಾ. ಇವ್ನು ಬಂದ. ನಮ್ಮಪ್ಪ ಬರ್ನಿಲ್ಲ. ಒಳೇಲಿ ಕೊಚ್ಕೊಂಡೋದ್ರು ಅಂದ. ಬ್ಯಾಸ್ಗೇಲಿ ಸಾ! ಒಳೇಲಿ ಮಂಡಿಗಂಟ ನೀರಿರ್ನಿಲ್ಲ. ನಾ ಅವತ್ತೇ ತವರಿಗ್ ಬಂದ್ಬುಟ್ಟೆ. ಅವ್ನ ಮನೆ ಒಸ್ಲು ತಿರ್ಗಾ ತುಳಿದಿಲ್ಲ.”

“ಮತ್ತೆ ಅವನಿಗೋಸ್ಕರ ಇಲ್ಲಿ ಬಂದು ಕೂತಿದ್ದೆಯಲ್ಲಮ್ಮ!”

“ಅವ್ನಿಗೋಸ್ಕರ ಅಂತ ನೀವ್ ಅಂದ್ಕೊಂಡ್ರಿ ಸಾ. ನಾ ಕುಂತಿದ್ದು, ಎಲ್ಲಿ ಬುಟ್ಬುಡ್ತೀರೋ ಅಂತ ನೋಡ್ಕಂಡು ಇರಕ್ಕೆ.”

 ಕಂಡ ಕಂಡವರನ್ನೆಲ್ಲ ಅನುಮಾನಿಸಿದವನು ನಾನು. ಗೌಡರನ್ನು ಬಿಡಲಿಲ್ಲ, ಗುಮಾಸ್ತನನ್ನು ಬಿಡಲಿಲ್ಲ. ಇವಳ ಹತ್ತಿರ ನಿಂತು ಯಾಕಮ್ಮ ಕೂತಿದ್ದೀಯ ಅಂತ ಒಂದು ಮಾತು ಕೇಳಿರಲಿಲ್ಲ. ನನ್ನ ಜನ್ಮಕ್ಕಿಷ್ಟು!

“ಇದನ್ನೆಲ್ಲ ಮೊದಲೇ ಹೇಳಬಾರದಾಗಿತ್ತಾ ತಾಯಿ?”

“ಯೋಳಿದ್ವಲ್ಲ ಸಾ. ಆಗ್ಲೇ ಪಾಲಾರ್ ಚೌಕೀಗೋಗಿ ಯೋಳಿದ್ವಿ. ಎಲ್ಲಾನೂ ಬರ್ಕೊಂಡ್ರು, ಎಬ್ಬೆಟ್ಟು ಒತ್ತಿಸ್ಕಂಡ್ರು. ಕಾಗ್ದದಲ್ಲಿ ಅದೆ, ಇವತ್ತಲ್ಲ ನಾಳೆ ಯಾರಾರಾ ಓದ್ತಾರೆ ಅಂತ ಧೈರ್ಯವಾಗಿದ್ದೆ. ಆ ಕಾಗ್ದ ಅದೆ ತಾನೇ ಸಾ?”

ಹಿತ್ತಲಿನ ಬೂದಿಯಲ್ಲಿ ನಾನೇ ಹೆಕ್ಕಿದ ಚೂರು ನೆನಪಾಯಿತು. ಅವಳು ನನ್ನ ಮುಖ ನೋಡಿದಳು. ತಿಳಿದುಕೊಂಡಳು ಅಂತ ಕಾಣುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹೋಗುವಾಗ ಏನಾದರೂ ಅಂದನಾ ಅವನು?”

“ಏನೂ ಅನ್ನಿಲ್ಲ. ನನ್ನ ನೋಡಿ ನಕ್ಬುಟ್ಟು, ಮದುವ್ನಳ್ಳಿ ರಸ್ತೆ ಇಡ್ದ.” ಅವಳು ಆ ರಸ್ತೆಯತ್ತ ಕೈ ತೋರಿಸಿದಳು. “ಎಬ್ಬೆಟ್ಟು ಒತ್ತಿದ್ದು ನಾನೊಬ್ಳೇ ಅಲ್ಲ ಸಾ. ನಮ್ಮವ್ವನೂ ಒತ್ತವ್ಳೆ. ಮದುವ್ನಳ್ಳೀಲಿ ಮನೇಲಿ ಒಬ್ಳೇ ಅವ್ಳೆ.”